ದೊಡ್ಡ ಓಟಗಾರರನ್ನು ನೋಡಿದರೆ ದಿನಾ ಓಡಲು ಹುಮ್ಮಸ್ಸು ಬರುತ್ತದೆಯೇ?

ಖಂಡಿತ ಬರುತ್ತದೆ. ಆದರೆ ಗೆದ್ದ ಕ್ಷಣವನ್ನಷ್ಟೇ ನೋಡಬೇಡಿ, ಆ ಹುರುಪು ಸಂಜೆಯೊಳಗೆ ಇಳಿದುಹೋಗುತ್ತದೆ.

ನನಗೆ ದಾರಿ ತೋರಿಸಿದವರು ಕೀನ್ಯಾದ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಅವರು ಮ್ಯಾರಥಾನ್ ದೂರವನ್ನು, ಅಂದರೆ 42.195 ಕಿ.ಮೀ.ಯನ್ನು, 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ವೇಗ ಹಿಡಿದುಕೊಡಲು ಬೇರೆ ಓಟಗಾರರು ಸರದಿಯಂತೆ ಜೊತೆಗಿದ್ದರು, ಹಾಗಾಗಿ ಅದು ಅಧಿಕೃತ ದಾಖಲೆಯಲ್ಲ. ಕಿಲೋಮೀಟರಿಗೆ ಸುಮಾರು 2 ನಿಮಿಷ 50 ಸೆಕೆಂಡು! ಆ ವೇಗ ನಮಗೆ ಬೇಡ, ಬಿಡಿ. ಅವರ ಮುಖ ನೋಡಿ. ಕಷ್ಟವಾದಾಗ ಬೇಕಂತಲೇ ಮುಗುಳ್ನಗುತ್ತಾರೆ. ನಾನೂ ಏರು ರಸ್ತೆಯಲ್ಲಿ ಹಾಗೆ ಮಾಡಿ ನೋಡಿದೆ. ಹಲ್ಲು ಕಚ್ಚುವುದು ನಿಂತಿತು, ಕಿವಿಯವರೆಗೆ ಏರಿದ್ದ ಭುಜ ತಾನಾಗಿಯೇ ಇಳಿಯಿತು.

ಅದಕ್ಕಿಂತ ಜಾಸ್ತಿ ಉಪಯೋಗವಾದದ್ದು ಅವರ ತರಬೇತಿಯ ವಿಡಿಯೋಗಳು. ಕೀನ್ಯಾದ ಕಪ್ಟಗಾಟ್‌ನ ಮಣ್ಣಿನ ದಾರಿಯಲ್ಲಿ ಇಡೀ ಗುಂಪು ಸುಮ್ನೆ ಮಾತಾಡುತ್ತಾ ಹೋಗುವವರ ಹಾಗೆ ನಿಧಾನವಾಗಿ ಓಟ ಶುರು ಮಾಡುತ್ತದೆ. ಅಂಥವರೇ ಹಗುರ ದಿನಗಳಲ್ಲಿ ಅಷ್ಟು ನಿಧಾನ ಓಡುತ್ತಾರೆ ಅಂದರೆ ನಮಗೇನು ಅವಸರ, ಅಲ್ವಾ? ನಾವು ದಿನಾ ಏದುಸಿರು ಬಿಟ್ಟು ಓಡಿ, ಎರಡೇ ವಾರಕ್ಕೆ ಬೇಸತ್ತು ಬಿಡುವುದು ಈ ಅವಸರದಿಂದಲೇ.

ಬೆಂಗಳೂರಿನಲ್ಲಿದ್ದರೆ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ (10 ಕಿ.ಮೀ.) ಓಟವನ್ನು ಒಮ್ಮೆ ರಸ್ತೆ ಬದಿ ನಿಂತು ನೋಡಿ. ವಿದೇಶಿ ಓಟಗಾರರು ಪಕ್ಕದಲ್ಲೇ ಹಾದುಹೋಗುವಾಗ ಹೆಜ್ಜೆಯ ಸದ್ದು ಎಷ್ಟು ಹಗುರ ಅಂತ ಕಿವಿಗೊಟ್ಟು ಕೇಳಿ. ಮನೆಯಲ್ಲಾದರೆ ಐದೇ ನಿಮಿಷದ ವಿಡಿಯೋ ಸಾಕು. ಅದನ್ನೂ ಶೂ ಹಾಕಿಕೊಂಡ ಮೇಲೆ ನೋಡಿ.