ಹೆಸರಿನ ಕಾಲಂ ಓಡಿಹೋಗದಂತೆ ಹಿಡಿಯುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಹಾಲಿನ ಡೈರಿಗೆ ಒಂದು ವೆಬ್ ಪುಟ ಮಾಡಿದ್ದೇನೆ. ಎಡಗಡೆ ಸದಸ್ಯರ ಹೆಸರು, ಆಮೇಲೆ 31 ದಿನ, ದಿನಕ್ಕೆ ಬೆಳಿಗ್ಗೆ-ಸಂಜೆ ಎರಡು ಲೆಕ್ಕ. ಮೊಬೈಲಲ್ಲಿ 20ನೇ ತಾರೀಕಿಗೆ ಸರಿಸಿದರೆ ಹೆಸರೇ ಮಾಯ, ಯಾರ ಹಾಲು ಅಂತಲೇ ಗೊತ್ತಾಗಲ್ಲ. ಜಾಗ ಬಿಟ್ಟು ಕದಲದಂತೆ ಹಿಡಿಯುವ ಕೋಡು 'ಸ್ಟಿಕಿ' ಹಾಕಿ ನೋಡಿದೆ, ಏನೂ ಆಗಲಿಲ್ಲ. ಏನು ಮಾಡಲಿ?
— ಒಬ್ಬ ಓದುಗ, ಹಾಸನ ಜಿಲ್ಲೆ

ಉತ್ತರ: ಅಂದರೆ 62 ಕಾಲಂ! ಬಟವಾಡೆ ದಿನ ಜಗಳ ಗ್ಯಾರಂಟಿ.

ಸ್ಟಿಕಿ ಹಾಕಿದ್ದು ಸರಿಯೇ. ಆದರೆ 'ಪೊಸಿಷನ್: ಸ್ಟಿಕಿ' ಅಂತ ಬರೆದು ಸುಮ್ಮನಾದರೆ ಎಲ್ಲಿ ಅಂಟಿಕೊಳ್ಳಬೇಕು ಅಂತ ಬ್ರೌಸರ್‌ಗೆ ತಿಳಿಯುವುದಿಲ್ಲ, ಜೊತೆಗೆ 'ಲೆಫ್ಟ್: 0' ಕೊಡಲೇಬೇಕು (ಕೋಡಲ್ಲಿ ಇಂಗ್ಲಿಷ್ ಅಕ್ಷರ, ಮರೆತು ಕನ್ನಡದಲ್ಲಿ ಹಾಕಿಬಿಟ್ಟೀರಿ). ಅದನ್ನು ಪ್ರತಿ ಸಾಲಿನ ಮೊದಲ ಸೆಲ್‌ಗೇ ಹಾಕಿ. ಇಡೀ ಕಾಲಂಗೆ ಅಂತ ಇರುವ 'ಕಾಲ್' ಟ್ಯಾಗ್‌ಗೆ ಹಾಕಿದರೆ ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಇಷ್ಟಾದ ಮೇಲೂ ನಿಲ್ಲದಿದ್ದರೆ ಟೇಬಲ್ ಸುತ್ತ ಡಬ್ಬಿಯಂತೆ ಇರುವ ಡಿವ್‌ಗಳನ್ನು ಒಂದೊಂದಾಗಿ ಮೇಲಕ್ಕೆ ನೋಡುತ್ತಾ ಹೋಗಿ. ಯಾವುದಕ್ಕಾದರೂ 'ಓವರ್‌ಫ್ಲೋ: ಹಿಡನ್' (ಹೊರಚಾಚಿದ್ದನ್ನು ಮರೆಮಾಡು) ಇದ್ದರೆ ನಿಮ್ಮ ಸೆಲ್ ಆ ಡಿವ್‌ಗೇ ಅಂಟಿಕೊಳ್ಳಲು ನೋಡುತ್ತದೆ, ಆ ಡಿವ್ ಮಾತ್ರ ಸ್ಕ್ರಾಲ್ ಆಗುವುದೇ ಇಲ್ಲ. ಮೂಲೆಗಳು ದುಂಡಗೆ ಕಾಣಲಿ ಅಂತ ನಾನೇ ಹಾಕಿದ್ದ ಇಂಥದ್ದೊಂದು ಹಿಡನ್ ಹುಡುಕೋಕೆ ನನಗೆ ಒಂದು ಸಂಜೆ ಪೂರ್ತಿ ಹಿಡಿದಿತ್ತು. ಟೇಬಲನ್ನು ಒಂದೇ ಡಿವ್‌ನಲ್ಲಿಟ್ಟು ಅದಕ್ಕೆ 'ಓವರ್‌ಫ್ಲೋ: ಆಟೊ' (ಹೆಚ್ಚಾದರೆ ಸ್ಕ್ರಾಲ್ ಮಾಡು) ಕೊಡಿ, ಸಾಕು.

ಈಗ ಹೆಸರು ನಿಲ್ಲುತ್ತದೆ. ಆದರೆ ಸೆಲ್‌ಗೆ ಹಿನ್ನೆಲೆ ಬಣ್ಣ ಇಲ್ಲದಿದ್ದರೆ ಗೌರಮ್ಮ ಅನ್ನುವ ಹೆಸರಿನ ಅಡಿಯಿಂದ 6.5 ಲೀಟರ್ ಇಣುಕುತ್ತದೆ, ಎರಡೂ ಓದಲಾಗಲ್ಲ. ಬಿಳಿ ಬಣ್ಣವಾದರೂ ಕೊಡಿ. ಗೆರೆಗಳದ್ದು ಇನ್ನೊಂದು ತಮಾಷೆ: 'ಬಾರ್ಡರ್-ಕೊಲ್ಯಾಪ್ಸ್: ಕೊಲ್ಯಾಪ್ಸ್' (ಅಕ್ಕಪಕ್ಕದ ಗೆರೆ ಸೇರಿ ಒಂದಾಗಲಿ) ಇದ್ದರೆ ಹೆಸರು ನಿಂತರೂ ಅದರ ಗೆರೆ ಮಾತ್ರ ಸರಿದುಹೋಗುತ್ತದೆ. 'ಸೆಪರೇಟ್' ಮಾಡಿ, ಬಾರ್ಡರ್-ಸ್ಪೇಸಿಂಗ್ 0 ಇಡಿ.

ತಾರೀಕಿನ ಸಾಲೂ ಮೇಲೆ ನಿಲ್ಲಬೇಕು ಅಲ್ವಾ? ಅದರ ಸೆಲ್‌ಗಳಿಗೆ ಸ್ಟಿಕಿ, 'ಟಾಪ್: 0'. ಹೊರಗಿನ ಡಿವ್‌ಗೆ ಒಂದು ಗರಿಷ್ಠ ಎತ್ತರ ಕೊಡಿ, ಇಲ್ಲದಿದ್ದರೆ ಅದು ಪುಟದ ಜೊತೆ ಮೇಲೆ ಹೋಗಿಬಿಡುತ್ತದೆ. ಎಡ ಮೂಲೆಯ ಸೆಲ್‌ಗೆ ಲೆಫ್ಟ್, ಟಾಪ್ ಎರಡೂ ಬೇಕು, ಝೆಡ್-ಇಂಡೆಕ್ಸ್ (ಯಾವುದರ ಮೇಲೆ ಯಾವುದು ಕಾಣಬೇಕು ಅನ್ನುವ ನಂಬರ್) ಕೂಡ ಎಲ್ಲಕ್ಕಿಂತ ಜಾಸ್ತಿ: ಹೆಸರಿಗೆ 1, ತಾರೀಕಿಗೆ 2, ಮೂಲೆಗೆ 3.

ಕಾರ್ಯದರ್ಶಿಗಳ ಹಳೇ ಫೋನಿನ ಚಿಂತೆ ಬೇಡ. ಕ್ರೋಮ್‌ನಲ್ಲಿ ಸ್ಟಿಕಿ 2017ರಿಂದಲೇ ಇದೆ. ಆದರೆ ಇಡೀ ತಲೆಸಾಲಿಗೆ, ಅಂದರೆ 'ಟಿಹೆಡ್'ಗೆ ಹಾಕಿದರೆ ಕೆಲಸ ಮಾಡಲು ಶುರುವಾಗಿದ್ದು 2021ರಲ್ಲಿ, ಅದಕ್ಕೇ ಸೆಲ್‌ಗೆ ಹಾಕಿ ಅಂದದ್ದು. ಸ್ಟಿಕಿ ಬರುವ ಮುಂಚೆ ಪಕ್ಕಪಕ್ಕ ಎರಡು ಟೇಬಲ್ ಇಟ್ಟು, ಜಾವಾಸ್ಕ್ರಿಪ್ಟ್‌ನಿಂದ ಸಾಲುಗಳ ಎತ್ತರ ಹೊಂದಿಸುತ್ತಿದ್ದೆವು. ಒಂದು ಹೆಸರು ಎರಡು ಸಾಲಾದರೆ ಕೆಳಗಿನದೆಲ್ಲ ಅಡ್ಡಾದಿಡ್ಡಿ.

ಕೊನೆಗೆ ಅಗಲ. ಸುಮಾರು ಫೋನ್‌ಗಳಲ್ಲಿ ನಿಮಗೆ ಸಿಗುವುದೇ 360 ಪಿಕ್ಸೆಲ್. ಹೆಸರು, ಗಂಡನ ಹೆಸರು, ಇನಿಷಿಯಲ್ ಎಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಅರ್ಧ ಪರದೆ ಅದಕ್ಕೇ ಹೋಯಿತು. 110 ಪಿಕ್ಸೆಲ್ ಕೊಟ್ಟು, ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸದಸ್ಯರ ನಂಬರ್ ಹಾಕಿ. ಊರಲ್ಲಿ ಗೌರಮ್ಮಂದಿರು ನಾಲ್ಕು ಜನ ಇದ್ದರೂ ನಂಬರ್ ಬೇರೆ ಬೇರೆ ಇರುತ್ತದಲ್ಲ.