ಸ್ಕಿಜೋಫ್ರೇನಿಯಾ ಇರುವ ತಮ್ಮ ಬೀಡಿ ಬಿಡಬಹುದಾ? ಬಿಟ್ಟರೆ ಕಾಯಿಲೆ ಕೆರಳುತ್ತಾ?

ಖಂಡಿತ ಬಿಡಬಹುದು. "ಪಾಪ, ಅವನಿಗಿರೋ ಸುಖ ಅದೊಂದೇ" ಅಂತ ಮನೆಯವರೇ ಬೀಡಿ ಕಟ್ಟು ತಂದುಕೊಡುತ್ತಾರಲ್ಲ, ಅದು ನೋಡಿದರೆ ಸಂಕಟವಾಗುತ್ತದೆ. ಈ ಕಾಯಿಲೆಯವರಲ್ಲಿ ಎಷ್ಟೋ ಜನ ಬೇಗ ತೀರಿಕೊಳ್ಳುವುದು ಹೃದಯ, ಶ್ವಾಸಕೋಶದ ತೊಂದರೆಯಿಂದ.

ಆದರೆ ನಿಮ್ಮ ತಮ್ಮ ಈ ಕಾಯಿಲೆಗೆ ಕೊಡುವ ಕ್ಲೋಜಪಿನ್ ಅಥವಾ ಒಲಾಂಜಪಿನ್ ಮಾತ್ರೆ ತಗೊಳ್ತಿದ್ದರೆ, ಬಿಡುವ ಮೊದಲೇ ಡಾಕ್ಟರಿಗೆ ಹೇಳಿ. ಇದು ಮುಖ್ಯ. ಬೀಡಿ ಹೊಗೆಯಲ್ಲಿರುವ ಟಾರ್, ಲಿವರ್‌ನಲ್ಲಿ ಈ ಮಾತ್ರೆಗಳನ್ನು ಕರಗಿಸುವ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕು ಮಾಡಿರುತ್ತದೆ. ಹೊಗೆ ನಿಂತ ಒಂದು ವಾರದೊಳಗೆ ಅದು ನಿಧಾನವಾಗಿ, ಅದೇ ಡೋಸ್ ರಕ್ತದಲ್ಲಿ ಜಾಸ್ತಿ ಉಳಿಯಲು ಶುರುವಾಗುತ್ತದೆ. ಬೆಳಿಗ್ಗೆ ದಿಂಬೆಲ್ಲ ಜೊಲ್ಲಿನಿಂದ ಒದ್ದೆ, ಹತ್ತಾದರೂ ಏಳೋದಿಲ್ಲ, ಎದ್ದರೆ ತಲೆಸುತ್ತು. ಹೀಗಾದರೆ ಕಾಯಬೇಡಿ, ಫಿಟ್ಸ್ ಕೂಡ ಬರಬಹುದು. ಡೋಸ್ ನೀವೇ ಇಳಿಸಬೇಡಿ. ಕಾಫಿಯನ್ನೂ ಕರಗಿಸೋದು ಅದೇ ಕಿಣ್ವ, ಸ್ವಲ್ಪ ಕಡಿಮೆ ಮಾಡಿಸಿ.

ನಿಕೋಟಿನ್ ಪ್ಯಾಚ್, ಗಮ್‌ನಿಂದ ಕಿಣ್ವಕ್ಕೇನೂ ಆಗುವುದಿಲ್ಲ, ಚಡಪಡಿಕೆ ತಗ್ಗುತ್ತದೆ. ಬೀಡಿ-ಸಿಗರೇಟು ಬಿಡಲು ಕೊಡುವ ವರೆನಿಕ್ಲಿನ್ ಮಾತ್ರೆ ಬಗ್ಗೆ ಹಿಂದೆ ಭಯವಿತ್ತು; 2016ರಲ್ಲಿ ಬಂದ, 8,000ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಅದರಿಂದ ಮಾನಸಿಕ ತೊಂದರೆ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ, ಅವರಲ್ಲಿ ಅರ್ಧದಷ್ಟು ಜನಕ್ಕೆ ಮಾನಸಿಕ ಕಾಯಿಲೆಯೇ ಇತ್ತು. ಡಾಕ್ಟರ್ ಹತ್ತಿರ ಕೇಳಿ ನೋಡಿ.