ಹಳೇ ಲಿಲಿಪುಟ್‌ಗೆ ಲ್ಯಾಮಿನೇಷನ್ ಬೇಡ, ದಮ್ಮಯ್ಯ

ಬ್ರಿಟನ್ನಿನಲ್ಲಿ ಗಂಡಸರಿಗೆಂದು ಬರುತ್ತಿದ್ದ ಹಳೇ ಮ್ಯಾಗಜೀನುಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ: ‘ಎಷ್ಟು ಸಿಗುತ್ತೆ?’ ಈ ಸಲದ್ದೂ ಅದೇ. ಜೊತೆಗೆ ಗಾಬರಿಯಾಗುವ ಒಂದು ಮಾತೂ ಇದೆ.

ಪ್ರಶ್ನೆ: ಸರ್, ತಾತ ಲಂಡನ್ನಿನಲ್ಲಿ ಓದುವಾಗ ಕೊಂಡ 1938ರಿಂದ 1941ರವರೆಗಿನ ಮೂವತ್ತು ‘ಲಿಲಿಪುಟ್’ ಸಂಚಿಕೆಗಳು ಅಟ್ಟದಲ್ಲಿ ಸಿಕ್ಕಿವೆ. ಹರಿದ ರಕ್ಷಾಪುಟ ಕಿತ್ತು ಬೈಂಡ್ ಮಾಡಿಸಿ, ಚೆನ್ನಾಗಿರುವ ಒಂದೆರಡಕ್ಕೆ ಲ್ಯಾಮಿನೇಷನ್ ಮಾಡಿಸಬೇಕೆಂದಿದ್ದೇನೆ. ಲಕ್ಷ ಸಿಗಬಹುದಾ?

ಲಕ್ಷ ಸಿಗುವುದಿಲ್ಲ. ಹಳೇದಾದ ಮಾತ್ರಕ್ಕೆ ಬೆಲೆ ಬರುವುದಾದರೆ ನನ್ನ ಸೊಂಟಕ್ಕೂ ಬರಬೇಕಿತ್ತು. ಲಿಲಿಪುಟ್ ಜೇಬಿನಲ್ಲಿ ಹಿಡಿಸುವ, ತುಂಬಾ ಜನ ಕೊಂಡ ಪತ್ರಿಕೆ.

ಮೊದಲು ಆ ಬೈಂಡಿಂಗ್ ನಿಲ್ಲಿಸಿ. ಕಿತ್ತು ಎಸೆಯಲು ಹೊರಟಿರುವ ರಕ್ಷಾಪುಟವೇ ಅರ್ಧ ಬೆಲೆ. ಅದರ ಚಿತ್ರ ಬರೆದವರು ಪ್ರಾಗ್‌ನಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ನಿಗೆ ಬಂದ ವಾಲ್ಟರ್ ಟ್ರಿಯರ್. 1937ರಿಂದ 1949ರವರೆಗೆ ಅವರ ಚಿತ್ರದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ನಾಯಿ ಇದ್ದೇ ಇರುತ್ತವೆ. ನಾಯಿ ಎಲ್ಲಿದೆ ಅಂತ ಹುಡುಕುವುದೇ ಒಂದು ಮಜಾ. ಪತ್ರಿಕೆ ಶುರುಮಾಡಿದ ಸ್ಟೀಫನ್ ಲೊರಾಂಟ್ ಕೂಡ ಹಿಟ್ಲರನ ಜೈಲು ಕಂಡು ಬಂದವರು. ಅವರು ಎದುರುಬದುರು ಹಾಕಿದ ಫೋಟೋ ನೋಡಿ: ಒಂದು ಪುಟದಲ್ಲಿ ಕೈ ಎತ್ತಿದ ಹಿಟ್ಲರ್, ಎದುರು ಪುಟದಲ್ಲಿ ಮುಂಗಾಲು ಎತ್ತಿದ ಪುಟ್ಟ ನಾಯಿ. ಬೈಗುಳವೇ ಬೇಕಿಲ್ಲ, ಅಲ್ವಾ? ಬೈಂಡರು ಅಂಚು ಕತ್ತರಿಸಿ, ನಡುವೆ ಬಿಗಿಯಾಗಿ ಹೊಲಿದರೆ ಇಂಥ ಜೋಡಿ ಪುಟಗಳು ಪೂರ್ತಿ ಬಿಚ್ಚುವುದೇ ಇಲ್ಲ.

ವಾರಪತ್ರಿಕೆಯ ಧಾರಾವಾಹಿ ಕತ್ತರಿಸಿ ಬೈಂಡ್ ಮಾಡಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಇತ್ತು, ಗೊತ್ತು. ಅದು ಓದುವುದಕ್ಕೆ. ಸಂಗ್ರಹಕ್ಕಲ್ಲ.

1940ರ ನಂತರದ ಸಂಚಿಕೆಗಳನ್ನು ಬೇರೆ ಇಡಿ. ಆ ವರ್ಷ ಜರ್ಮನ್ನರು ನಾರ್ವೆ ಹಿಡಿದರು. ಅಲ್ಲಿಂದ ಬರುತ್ತಿದ್ದ ಮರದ ತಿರುಳು ನಿಂತಿತು, ಕಾಗದದ ರೇಷನ್ ಇನ್ನೂ ಬಿಗಿಯಾಯಿತು. ಓದಿ ಮುಗಿದ ಪತ್ರಿಕೆಯನ್ನೂ ಯುದ್ಧದ ಕೆಲಸಕ್ಕೆಂದು ರದ್ದಿಗೆ ಕೊಟ್ಟರು. ಹಾಗಾಗಿ ಉಳಿದಿರುವುದಕ್ಕೆ ಬೆಲೆಗಿಂತ ಮರ್ಯಾದೆ ಜಾಸ್ತಿ.

ಲ್ಯಾಮಿನೇಷನ್ ವಿಷಯ ಕೇಳಿದರೆ ನನಗೆ ಮೈ ಉರಿಯುತ್ತೆ. ಬಿಸಿ, ಅಂಟು, ಪ್ಲಾಸ್ಟಿಕ್. ಒಮ್ಮೆ ಹಾಕಿದರೆ ಬಿಡಿಸಲಾಗದು. ಹುಡುಗನಾಗಿದ್ದಾಗ ಒಂದು ಅಂಗಡಿಯವನ ಮಾತು ಕೇಳಿ ಒಂದಕ್ಕೆ ಮಾಡಿಸಿದ್ದೆ. ಇವತ್ತಿಗೂ ಅದು ಹೋಟೆಲ್ ಮೆನು ಥರ ಕಾಣುತ್ತೆ. ಸೆಲ್ಲೋಟೇಪ್ ಕೂಡ ಬೇಡ, ಅದರ ಅಂಟು ಕಂದಾಗಿ ಕಾಗದದೊಳಕ್ಕೆ ಇಳಿಯುತ್ತೆ. ಬಿಸಿಲಿಗೆ ಹಾಕಿದರೆ ಹಳದಿ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಅವರನ್ನೇ ಬಿಸಿಲಿಗೆ ಹಾಕಿ. ಮರದ ತಿರುಳಿನ ಕಾಗದ ಬಿಸಿಲಿಗೆ ಇನ್ನೂ ಬೇಗ ಹಳದಿಯಾಗುತ್ತೆ. ಹಸಿ ಬೇವಿನ ಎಲೆ ಇಟ್ಟರೆ ಪೆಟ್ಟಿಗೆಗೆ ತೇವ ಸೇರುತ್ತೆ, ಅಷ್ಟೇ.

ತುಕ್ಕು ಹಿಡಿದ ಪಿನ್ನು ಕಾಗದ ತಿನ್ನುತ್ತಿದ್ದರೆ ಮಾತ್ರ ಮೆಲ್ಲಗೆ ಬಿಚ್ಚಿ, ಅದೇ ತೂತಿನಲ್ಲಿ ಹತ್ತಿ ದಾರ ಕಟ್ಟಿ. ಆಮ್ಲ ಇಲ್ಲದ ಕಾಗದದ ಪೆಟ್ಟಿಗೆಯಲ್ಲಿ ಮಲಗಿಸಿ ಇಡಿ. ಅಟ್ಟ ಬೇಡ. ಮಳೆಗಾಲದ ಗೋಡೆ ಪಕ್ಕವೂ ಬೇಡ.

ಪ್ರಶ್ನೆ: ನನ್ನ ಹತ್ತಿರ 1940ರ ದಶಕದ ‘ಮೆನ್ ಓನ್ಲಿ’ ಇದೆ. ಮನೆಯಲ್ಲಿ ಇಡಬಹುದಾ?

ಇಡಿ. ನೀವು ಅಂದುಕೊಂಡಿರುವುದು 1971ರಲ್ಲಿ ಸ್ಟ್ರಿಪ್ ಕ್ಲಬ್ ಮಾಲೀಕ ಪಾಲ್ ರೇಮಂಡ್ ಕೈಗೆ ಹೋಗಿ ಬೆತ್ತಲೆ ಚಿತ್ರಗಳ ಪತ್ರಿಕೆಯಾದ ಮೇಲಿನ ಕಥೆ. 1935ರಲ್ಲಿ ಶುರುವಾದಾಗ ಅದು ಕಥೆ, ಲೇಖನ, ನಗೆಚಿತ್ರಗಳ ಪುಟ್ಟ ಪತ್ರಿಕೆ. 1960ರಲ್ಲಿ ಲಿಲಿಪುಟ್ ಸೇರಿಕೊಂಡದ್ದೂ ಅದರೊಳಗೇ.

ಪ್ರಶ್ನೆ: ‘ಟೌನ್’ ಪತ್ರಿಕೆ ಮಾರುವವರು ‘1953ರ ಟೌನ್, ಮೊದಲ ಸಂಚಿಕೆ’ ಅನ್ನುತ್ತಿದ್ದಾರೆ. ಕೊಳ್ಳಲಾ?

1953ರಲ್ಲಿ ಅದರ ಹೆಸರು ‘ಮ್ಯಾನ್ ಅಬೌಟ್ ಟೌನ್’. ಹೆಸರೇ ಗೊತ್ತಿಲ್ಲದವರ ಹತ್ತಿರ ವ್ಯಾಪಾರ ಬೇಡ.

ಪ್ರಶ್ನೆ: ಬ್ರಿಟನ್ನಿನ ಯುದ್ಧಮಂತ್ರಿ ಕಿಚನರ್ ಬೆರಳು ತೋರಿಸುವ 1914ರ ‘ಲಂಡನ್ ಒಪೀನಿಯನ್’ ರಕ್ಷಾಪುಟವನ್ನು ಫ್ರೇಮ್ ಸಮೇತ ಕೊಂಡೆ. ಅಸಲಿಯೇ?

ಫ್ರೇಮ್ ಬಿಚ್ಚಿ ಹಿಂದುಗಡೆ ನೋಡಿ. ಪತ್ರಿಕೆಯಿಂದ ಬಂದ ಪುಟವಾದರೆ ಅಲ್ಲೂ ಅಚ್ಚು ಇರಬೇಕು. ಖಾಲಿ ಬಿಳಿ ಇದ್ದರೆ ದುಡ್ಡು ವಾಪಸ್ ಕೇಳಿ.